ಮಾಡೆಲ್ ಎ ಕಾರಿಗೆ ಕೈಯಾರೆ ಮಾಡಿಕೊಂಡ ಭಾಗಗಳು

ಮಿಷಿಗನ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ ನಾನು ಕಟ್ಟುತ್ತಿರುವುದು 1930ರ ಫೋರ್ಡ್ ಮಾಡೆಲ್ ಎ ಕೂಪೆ, ಅಂದರೆ ಎರಡು ಬಾಗಿಲಿನ ಮುಚ್ಚಿದ ಕಾರು. ಈ ಮಾದರಿಯ ಕಾರುಗಳು ಸುಮಾರು 48 ಲಕ್ಷ ತಯಾರಾಗಿದ್ದವು. ಹಾಗಾಗಿ ಮೂಲ ರೂಪದಲ್ಲೇ ಉಳಿಸಿಕೊಳ್ಳುವವರಿಗೆ ಬಿಡಿಭಾಗಗಳ ಕೊರತೆ ಇಂದಿಗೂ ಇಲ್ಲ. ನನ್ನದು ಆ ದಾರಿಯಲ್ಲ. 40 ಅಶ್ವಶಕ್ತಿಯ ನಾಲ್ಕು ಸಿಲಿಂಡರಿನ ಹಳೆಯ ಎಂಜಿನ್ನನ್ನು ಇಳಿಸಿ, ಅದೇ ಫೋರ್ಡ್ ಕಂಪನಿಯ 1949ರ, ಎಂಟು ಸಿಲಿಂಡರಿನ, ವಾಲ್ವುಗಳು ಬದಿಯಲ್ಲಿದ್ದು ತಲೆ ಚಪ್ಪಟೆಯಾಗಿರುವ ಫ್ಲ್ಯಾಟ್‌ಹೆಡ್ ವಿ8 ಎಂಜಿನ್ನನ್ನು ಕೂರಿಸಿದ್ದೇನೆ. ಇದರದು 100 ಅಶ್ವಶಕ್ತಿ. ಒಂದು ಕಾರಿನ ಮೈಯೊಳಗೆ ಇನ್ನೊಂದರ ಎಂಜಿನ್ ಬಂದು ಕೂತಿತೆಂದರೆ ಅದರ ಸುತ್ತಲಿನ ಯಾವುದೂ ಹೊಂದುವುದಿಲ್ಲ. ನೆಲದ ಹಲಗೆ ಗೇರ್‌ಬಾಕ್ಸಿಗೆ ತಾಗುತ್ತದೆ, ಪೆಡಲ್‌ನಿಂದ ಕಾರ್ಬುರೇಟರಿಗೆ ಹೋಗುವ ಸಲಾಕೆ ಗುರಿ ತಪ್ಪುತ್ತದೆ. ಆ ಭಾಗಗಳನ್ನು ನಾವೇ ಮಾಡಿಕೊಳ್ಳಬೇಕು.

ಹಳೆಯ ಕಾರನ್ನು ವೇಗಕ್ಕಾಗಿ ಹೀಗೆ ಮಾರ್ಪಡಿಸಿದರೆ ಅದಕ್ಕೆ ಹಾಟ್ ರಾಡ್ ಎನ್ನುತ್ತಾರೆ. ಅದು ಹುಟ್ಟಿದ್ದೇ ಹೀಗೆ. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಗುಜರಿಯಿಂದ ತಂದ ಹಳೆಯ ಫೋರ್ಡ್‌ಗಳ ಮಡ್‌ಗಾರ್ಡ್ ಕಳಚಿ, ಭಾರ ಇಳಿಸಿ, ಮ್ಯೂರಾಕ್ ಮತ್ತು ಎಲ್ ಮಿರಾಜ್ ಎಂಬ ಒಣಗಿದ ಕೆರೆಯಂಗಳಗಳಲ್ಲಿ ವೇಗ ಪರೀಕ್ಷಿಸುತ್ತಿದ್ದರು. 1937ರಲ್ಲಿ ಅವರ ಕ್ಲಬ್ಬುಗಳು ಒಟ್ಟುಗೂಡಿ ದಕ್ಷಿಣ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಆಯಿತು. ಅವರಲ್ಲಿ ಅನೇಕರ ಬಳಿ ಇದ್ದದ್ದು ವೈಸ್, ಅರ, ಗರಗಸ, ಗ್ಯಾಸ್ ವೆಲ್ಡಿಂಗ್, ಅಷ್ಟೆ. ನನ್ನ ಬಳಿಯೂ ಅದಕ್ಕಿಂತ ಬಹಳ ಹೆಚ್ಚೇನಿಲ್ಲ. ವಿದ್ಯುತ್ತಿನಿಂದ ನಯವಾಗಿ ಬೆಸೆಯುವ ಟಿಗ್ ವೆಲ್ಡಿಂಗ್ ಯಂತ್ರವೊಂದೇ ದುಬಾರಿ ಸಾಮಾನು.

ಯಾವ ಭಾಗವನ್ನೂ ನಾನು ಲೋಹದಲ್ಲಿ ಶುರು ಮಾಡುವುದಿಲ್ಲ. ಮೊದಲು ರಟ್ಟು. ಹೆಡ್‌ಲ್ಯಾಂಪಿನ ಬ್ರಾಕೆಟ್ಟನ್ನೇ ನೋಡಿ. ಮಾಡೆಲ್ ಎ ಕಾರಿನಲ್ಲಿ ಎರಡೂ ದೀಪಗಳು ಮಡ್‌ಗಾರ್ಡ್‌ಗಳ ನಡುವಿನ ಅಡ್ಡಪಟ್ಟಿಯ ಮೇಲೆ ನಿಲ್ಲುತ್ತವೆ. ಮಡ್‌ಗಾರ್ಡ್ ತೆಗೆದರೆ ದೀಪಕ್ಕೆ ನೆಲೆಯೇ ಇಲ್ಲ. ಹಾಗಾಗಿ ದೀಪವನ್ನು ಮೊದಲು ಒಂದು ಕೋಲಿಗೆ ಕಟ್ಟಿ ರೇಡಿಯೇಟರಿನ ಪಕ್ಕದಲ್ಲಿ ನಿಲ್ಲಿಸಿದೆ. ದೂರ ಹೋಗಿ ನೋಡಿದೆ, ತುಸು ಇಳಿಸಿದೆ, ತುಸು ಹಿಂದಕ್ಕೆ ಸರಿಸಿದೆ. ಕಣ್ಣಿಗೆ ಒಪ್ಪಿದ ಮೇಲೆ ಚಾಸಿಯಿಂದ ದೀಪದವರೆಗಿನ ತೆರಪಿಗೆ ರಟ್ಟು ಕತ್ತರಿಸಿದೆ. ಚಕ್ರವನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಸ್ಪ್ರಿಂಗ್ ಕುಗ್ಗಿದಾಗ ಆಕ್ಸಲ್ ಎಲ್ಲಿಗೆ ಬರುತ್ತದೆ ಎಂದು ಜಾಕ್ ಹಾಕಿ ನೋಡುವುದೂ ರಟ್ಟಿನ ಹಂತದಲ್ಲೇ ಆಗಬೇಕು. ಆಮೇಲೆ ಆ ಆಕಾರವನ್ನು 3/16 ಅಂಗುಲ ದಪ್ಪದ ಉಕ್ಕಿನ ಪಟ್ಟಿಯ ಮೇಲೆ ಗೀಚಿ ಕೊರೆದೆ. ಗೆರೆಯ ಹೊರಗೆ ಕೊರೆದು ಅರದಲ್ಲಿ ಗೆರೆಗೆ ತರುತ್ತೇನೆ. ಒಳಮೂಲೆಗಳನ್ನು ಚೂಪಾಗಿ ಬಿಡದೆ, ಮೊದಲೇ ಬೈರಿಗೆಯಿಂದ ತೂತು ಕೊರೆದು ಗುಂಡಗೆ ಇಡುತ್ತೇನೆ, ಏಕೆಂದರೆ ಬಿರುಕು ಹುಟ್ಟುವುದು ಚೂಪು ಮೂಲೆಯಲ್ಲಿ. ತೂತುಗಳ ಅಂಚನ್ನೂ ಎರಡು ಕಡೆಯಿಂದ ಸವರಬೇಕು. ಇದು ಬರಿಯ ಅಂದದ ಮಾತಲ್ಲ, ಸದಾ ನಡುಗುವ ಭಾಗದ ಆಯುಸ್ಸಿನ ಮಾತು.

ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಗೇರ್‌ಬಾಕ್ಸಿನ ಮೇಲಿನ ಉಬ್ಬು ಮುಚ್ಚಳ. ಮುಂದುಗಡೆ ಕ್ಲಚ್ಚಿನ ಭಾಗದಲ್ಲಿ ಗುಮ್ಮಟದಂತೆ ಉಬ್ಬಿ, ಹಿಂದಕ್ಕೆ ಹೋಗುತ್ತಾ ಕಿರಿದಾಗುವ ಆಕಾರ ಅದು. ಹಿಂಭಾಗ ಸುಲಭ, ಪೈಪಿನ ಮೇಲಿಟ್ಟು ಬಾಗಿಸಿದರೆ ಸಾಕು. ಗುಮ್ಮಟ ಮಾತ್ರ ಬಡಿದೇ ಬರಬೇಕು. 3003 ದರ್ಜೆಯ 1.6 ಮಿಲಿಮೀಟರ್ ಅಲ್ಯೂಮಿನಿಯಂ ತಗಡು ಆರಿಸಿಕೊಂಡೆ. ಅದು ಬಡಿತಕ್ಕೆ ಬಗ್ಗುತ್ತದೆ, ಬೆಸುಗೆಯನ್ನೂ ಚೆನ್ನಾಗಿ ಹಿಡಿಯುತ್ತದೆ.

ಅಂಗಡಿಯಿಂದ ಬರುವ ತಗಡು ಅರೆಗಡಸು. ಮೊದಲು ಅದನ್ನು ಕಾಯಿಸಿ ಮಿದು ಮಾಡಬೇಕು. ತಾಮ್ರದ ಹಂಡೆ ಬಡಿಯುವ ನಮ್ಮ ಕಡೆಯ ಕಂಚುಗಾರರೂ ಬಡಿತದ ನಡುನಡುವೆ ಪಾತ್ರೆಯನ್ನು ಬೆಂಕಿಗೆ ಹಿಡಿಯುತ್ತಾರೆ. ಆದರೆ ತಾಮ್ರ ಕೆಂಪಗಾಗಿ ತನ್ನ ಹದ ತಾನೇ ತೋರಿಸುತ್ತದೆ. ಅಲ್ಯೂಮಿನಿಯಂ ಬಣ್ಣ ಬದಲಿಸದೆ ಇದ್ದಕ್ಕಿದ್ದಂತೆ ಕರಗಿ ಕುಸಿಯುತ್ತದೆ. ಅದಕ್ಕೊಂದು ಹಳೆಯ ಉಪಾಯವಿದೆ. ಗ್ಯಾಸ್ ವೆಲ್ಡಿಂಗಿನಲ್ಲಿ ಆಮ್ಲಜನಕ ಬಿಡದೆ ಅಸಿಟಿಲೀನ್ ಜ್ವಾಲೆಯೊಂದರಿಂದಲೇ ತಗಡಿಗೆ ತೆಳ್ಳಗೆ ಮಸಿ ಹಿಡಿಸುವುದು. ಬಳಿಕ ಆಮ್ಲಜನಕ ಸೇರಿಸಿ, ಜ್ವಾಲೆಯನ್ನು ಒಂದೆಡೆ ನಿಲ್ಲಿಸದೆ ಆಡಿಸುತ್ತಾ, ಮಸಿ ಸುಟ್ಟು ಮಾಯವಾಗುವವರೆಗೆ ಕಾಯಿಸುವುದು. ಮಸಿ ಹೋದ ಜಾಗದಿಂದ ಜ್ವಾಲೆ ತಕ್ಷಣ ಮುಂದೆ ಸಾಗಬೇಕು. ತಣ್ಣಗಾದ ಮೇಲೆ ಅದೇ ತಗಡು ಕೈಯಲ್ಲೇ ಬಾಗುವಷ್ಟು ಮಿದುವಾಗಿರುತ್ತದೆ.

ಬಡಿಯುವುದು ಮರಳು ತುಂಬಿದ ಚರ್ಮದ ಚೀಲದ ಮೇಲೆ, ಮೊಟ್ಟೆ ಮೂತಿಯ ಮರದ ಕೊಡತಿಯಿಂದ. ನಡುವಿನಿಂದ ಶುರು ಮಾಡಿದರೆ ಅಲ್ಲೇ ತಗಡು ತೆಳುವಾಗುತ್ತದೆ. ನಾನು ಅಂಚಿನ ಹತ್ತಿರದಿಂದ ಸುತ್ತು ಹಾಕುತ್ತಾ ಒಳಕ್ಕೆ ಬರುತ್ತೇನೆ. ಒಂದೆರಡು ಸುತ್ತಿನಲ್ಲೇ ಅಂಚಿನುದ್ದಕ್ಕೂ ನಿರಿಗೆ ಏಳುತ್ತದೆ. ನೋಡಿದವರಿಗೆ ತಗಡು ಹಾಳಾಯಿತು ಅನಿಸಬಹುದು, ಆದರೆ ಕೆಲಸದ ಜೀವ ಇರುವುದೇ ಆ ನಿರಿಗೆಯಲ್ಲಿ. ಅದನ್ನು ಮರದ ದಿಮ್ಮಿಯ ಮೇಲಿಟ್ಟು, ಎರಡೂ ಪಕ್ಕಗಳಿಗೆ ಹರಡಿಹೋಗದಂತೆ ನಿಧಾನವಾಗಿ ತಟ್ಟಿ ತನ್ನೊಳಕ್ಕೇ ಕೂರಿಸಬೇಕು. ಆಗ ಅಂಚು ಕುಗ್ಗಿ ದಪ್ಪವಾಗುತ್ತದೆ, ಬಟ್ಟಲಿನ ಆಕಾರ ತಾನಾಗಿ ಆಳಕ್ಕಿಳಿಯುತ್ತದೆ. ಮಡಚಿ ಒಂದರ ಮೇಲೊಂದು ಬಿದ್ದ ನಿರಿಗೆ ಸೀಳುತ್ತದೆ, ಹಾಗಾಗಿ ಅದು ಎದ್ದ ಕೂಡಲೇ ತಟ್ಟುವುದು ಒಳ್ಳೆಯದು. ಬಡಿಯುತ್ತಾ ಹೋದಂತೆ ಸದ್ದು ಗಡುಸಾಗುತ್ತದೆ, ಕೊಡತಿ ಪುಟಿಯತೊಡಗುತ್ತದೆ. ಆಗ ಮತ್ತೆ ಮಸಿ, ಮತ್ತೆ ಬೆಂಕಿ.

ಆಕಾರ ಬಂದ ಮೇಲೆ ನಯ ಮಾಡುವುದು. ಉಬ್ಬಿಗೆ ಹೊಂದುವ ಉಕ್ಕಿನ ಗುಂಡನ್ನು ಅಡಿಗೆ ಹಿಡಿದು, ಕನ್ನಡಿಯಂತೆ ಹೊಳಪು ಕೊಟ್ಟ ಸುತ್ತಿಗೆಯಿಂದ ಮೇಲೆ ಹಗುರವಾಗಿ ತಟ್ಟುತ್ತೇನೆ. ತಗ್ಗುದಿಣ್ಣೆ ಹುಡುಕಲು ಕಣ್ಣಿಗಿಂತ ಅಂಗೈ ವಾಸಿ. ತೆಳುವಾದ ಹತ್ತಿಯ ಕೈಗವಸು ಹಾಕಿ ಸವರಿದರೆ ಕೈ ಜಾರುತ್ತಾ ಹೋಗಿ ಸಣ್ಣ ತಗ್ಗೂ ಬೆರಳಿಗೆ ತಿಳಿಯುತ್ತದೆ. ಕೊನೆಗೆ ಬಾಡಿ ಅರವನ್ನು ಹಗುರವಾಗಿ ಆಡಿಸಿದಾಗ ದಿಣ್ಣೆಯಿದ್ದಲ್ಲಿ ಹೊಳೆಯುತ್ತದೆ, ತಗ್ಗಿದ್ದಲ್ಲಿ ಮಂಕಾಗಿಯೇ ಉಳಿಯುತ್ತದೆ. ಮಂಕಾದಲ್ಲಿ ಒಳಗಿನಿಂದ ಎತ್ತಿ ಕೊಡಬೇಕು. ಪುಟ್ಟಿ ಬಳಿದು ಮುಚ್ಚುವುದು ನನಗೆ ಒಗ್ಗುವುದಿಲ್ಲ.

ಎಕ್ಸಾಸ್ಟ್ ಪೈಪಿನ ಬಗ್ಗೆ ಹೇಳುವುದು ಕಡಿಮೆ. ಫ್ಲ್ಯಾಟ್‌ಹೆಡ್‌ನಲ್ಲಿ ಒಂದೊಂದು ಬದಿಗೆ ನಾಲ್ಕು ಸಿಲಿಂಡರ್ ಇದ್ದರೂ ನಡುವಿನ ಎರಡಕ್ಕೆ ಸೇರಿ ಒಂದೇ ಬಾಯಿ. ಹೀಗಾಗಿ ಬದಿಗೆ ಮೂರೇ ಪೈಪು. ಸಿದ್ಧ ಬಾಗುಗಳನ್ನು ತಂದು ಕತ್ತರಿಸಿ ಜೋಡಿಸಿದೆ.

ಚಿಕ್ಕದಾದರೂ ಹೆಚ್ಚು ತಲೆ ತಿಂದದ್ದು ಆಕ್ಸಿಲರೇಟರ್ ಜೋಡಣೆ. ಎಂಜಿನ್ ರಬ್ಬರ್ ಮೌಂಟುಗಳ ಮೇಲೆ ಕೂತಿದೆ. ವೇಗ ಏರಿಸಿದಾಗ ಅದು ಪಕ್ಕಕ್ಕೆ ತುಸು ವಾಲುತ್ತದೆ. ಪೆಡಲ್ ಇರುವುದು ಬಾಡಿಯಲ್ಲಿ. ಸಲಾಕೆಯನ್ನು ನೇರವಾಗಿ ಕಾರ್ಬುರೇಟರಿಗೆ ಕೊಟ್ಟರೆ ಎಂಜಿನ್ ವಾಲಿದಾಗ ಥ್ರಾಟಲ್ (ಎಂಜಿನ್ನಿಗೆ ಹೋಗುವ ಗಾಳಿಯನ್ನು ಬಿಡುವ, ತಡೆಯುವ ಬಾಗಿಲು) ತಾನಾಗಿಯೇ ಎಳೆಯಲ್ಪಡಬಹುದು. ಅದಕ್ಕೆ ಎಂಜಿನ್ನಿಗೇ ಕಚ್ಚಿಸಿದ ಒಂದು ಅಡ್ಡದಂಡ ಮಾಡಿ, ವಾಲಾಟ ತೀರಾ ಕಡಿಮೆ ಇರುವ ತಗ್ಗಿನ ಜಾಗದಲ್ಲಿ ಪೆಡಲ್ ಸಲಾಕೆಯನ್ನು ಸೇರಿಸಿದೆ. ಥ್ರಾಟಲ್ ಪೂರ್ತಿ ತೆರೆದ ಕ್ಷಣದಲ್ಲೇ ಪೆಡಲಿನ ಅಡಿಗೆ ತಡೆ ಸಿಗುವಂತೆ ಬೋಲ್ಟ್ ಇಟ್ಟಿದ್ದೇನೆ. ಇಲ್ಲವಾದರೆ ಕಾಲಿನ ಬಲವೆಲ್ಲ ಕಾರ್ಬುರೇಟರಿನ ಸಣ್ಣ ದಂಡದ ಮೇಲೆ ಬೀಳುತ್ತದೆ. ಹಿಂದಕ್ಕೆಳೆಯುವ ಸ್ಪ್ರಿಂಗ್ ಎರಡಿವೆ, ಒಂದು ತುಂಡಾದರೂ ಇನ್ನೊಂದು ಥ್ರಾಟಲ್ ಮುಚ್ಚುತ್ತದೆ.

ಇಷ್ಟೆಲ್ಲ ಕೈಯಲ್ಲಿ ಮಾಡುವ ನಾನು ಸ್ಟೀರಿಂಗಿನ ತೋಳು, ಬ್ರೇಕಿನ ಭಾಗ, ಮುಂದಿನ ಆಕ್ಸಲ್ ಇವುಗಳನ್ನು ಮಾತ್ರ ಕೊಂಡೇ ತರುತ್ತೇನೆ. ಬಡಿದು ರೂಪಿಸಿದ ಉಕ್ಕಿನ ಸ್ಟೀರಿಂಗ್ ತೋಳನ್ನು ಮನೆಯಲ್ಲಿ ಕಾಯಿಸಿ ಬಾಗಿಸುವವರನ್ನು ನೋಡಿದ್ದೇನೆ, ನನಗದು ಒಪ್ಪಿಗೆಯಿಲ್ಲ. ಕಾಯಿಸಿದ ಮೇಲೆ ಅದರ ಕಸುವು ಎಷ್ಟು ಉಳಿದಿದೆ ಎಂದು ಗ್ಯಾರೇಜಿನಲ್ಲಿ ಅಳೆಯಲು ಬರುವುದಿಲ್ಲ. ಆ ಜಾಗಗಳ ಬೋಲ್ಟುಗಳೂ ತಲೆಯ ಮೇಲೆ ಆರು ಗೆರೆಯಿರುವ, ಹೆಚ್ಚು ಗಟ್ಟಿಯಾದ ಎಂಟನೆಯ ದರ್ಜೆಯವೇ ಇರಬೇಕು. ಮೂರು ಗೆರೆಯ ಐದನೆಯ ದರ್ಜೆಯವು ನನ್ನ ಡಬ್ಬಿಯಲ್ಲಿ ಬೇರೆಯೇ ಇವೆ, ಮುಚ್ಚಳ ಬಿಗಿಯುವುದಕ್ಕೆ.