ತೊಳೆದಾಗ ಮತ್ತೆ ಕಂಡ ಪೇಪರಿನ ಗೆರೆಗಳು

ಬದಿಯಡ್ಕದ ಮಾಷ್ಟ್ರೊಬ್ಬರ ಕಪ್ಪು ಕಾರು. ಬಾನೆಟ್‌ಗೆ ಹೊಸದಾಗಿ ಪೇಂಟ್ ಹೊಡೆದಿದ್ದೆ. ನಮ್ಮ ಶೆಡ್ ಇರುವುದು ಕುಂಬಳೆಯಲ್ಲಿ, ಬೇಸಿಗೆಯ ಕೆಂಪು ಧೂಳು ಎಷ್ಟು ತಡೆದರೂ ಒಳಗೆ ಬರುತ್ತದೆ. ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಪದರದಲ್ಲಿ, ಅಂದರೆ ಕ್ಲಿಯರ್ ಕೋಟಿನಲ್ಲಿ, ಅಲ್ಲಲ್ಲಿ ಧೂಳಿನ ಕಾಳು ಕೂತಿತ್ತು. 1500ರ ವಾಟರ್ ಪೇಪರಿನಲ್ಲಿ (ನೀರು ಹಾಕಿ ಉಜ್ಜುವ ಮರಳು ಕಾಗದ, ನಂಬರ್ ಹೆಚ್ಚಾದಷ್ಟೂ ನಯ) ಉಜ್ಜಿ ಸಮ ಮಾಡಿ, ಗರಗರ ಸುತ್ತುವ ರೋಟರಿ ಪಾಲಿಶ್ ಮಷಿನ್ನಿಗೆ ಉಣ್ಣೆ ಪ್ಯಾಡ್ ಹಾಕಿ ಕಾಂಪೌಂಡ್ ಎಂಬ ಉಜ್ಜುವ ಪೇಸ್ಟಿನಲ್ಲಿ ತಿಕ್ಕಿದೆ. ಮುಖ ಕಾಣುವಷ್ಟು ಹೊಳಪು ಬಂತು, ಕೊಟ್ಟು ಕಳಿಸಿದೆ.

ಮೂರು ವಾರ ಕಳೆದು ಮಾಷ್ಟ್ರು ತಿರುಗಿ ಬಂದರು. "ಗೆರೆ ಎಲ್ಲ ಹೋಯ್ತು ಅಂದಿದ್ರಲ್ಲ, ಇದೆಂತದು?" ಅಂದರು. ಬೆಳಗಿನ ಓರೆ ಬಿಸಿಲಿಗೆ ಬಾನೆಟ್ ತುಂಬ ಸಣ್ಣ ನೇರ ಗೀರುಗಳು. ಅವು ಹೋಗಿರಲೇ ಇಲ್ಲ. ಕಾಂಪೌಂಡಿನ ಎಣ್ಣೆ ಗೀರಿನೊಳಗೆ ತುಂಬಿಕೊಂಡು ಮುಚ್ಚಿತ್ತು, ನಾಲ್ಕು ಸಲ ಶ್ಯಾಂಪೂ ಹಾಕಿ ತೊಳೆದಾಗ ಎಣ್ಣೆ ಹೋಯಿತು, ಗೀರು ಉಳಿಯಿತು. ನನಗೆ ತುಂಬಾ ಬೇಜಾರಾಯಿತು, ಆ ಕೆಲಸವನ್ನು ಬುಡದಿಂದ ಮತ್ತೆ ಮಾಡಿದೆ.

ಈಗ ನಾನು ಮಷಿನ್ ಮುಟ್ಟುವ ಮೊದಲೇ ಅರ್ಧ ಕೆಲಸ ಮುಗಿಸುತ್ತೇನೆ. 1500 ಆದ ಮೇಲೆ 2000, ಆಮೇಲೆ 3000. ಪ್ರತಿ ಸಲ ದಿಕ್ಕು ಬದಲಿಸುತ್ತೇನೆ, ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಹಾಗೆ ಮಾಡಿದರೆ ಹಿಂದಿನ ಪೇಪರಿನ ಗೆರೆ ಇನ್ನೂ ಉಳಿದಿದ್ದರೆ ಕೂಡಲೇ ಕಣ್ಣಿಗೆ ಬೀಳುತ್ತದೆ. 3000 ಮುಗಿದಾಗ ಬಾನೆಟ್ ಮಂಜು ಹಿಡಿದ ಗಾಜಿನಂತೆ ಒಂದೇ ಸಮ ಮಸುಕಾಗಿರಬೇಕು. ಪೇಪರ್ ಬದಲಿಸುವಾಗ ಬಕೆಟಿನ ನೀರನ್ನೂ ಚೆಲ್ಲಿ ಹೊಸತು ತುಂಬಿಸಬೇಕು. ಹಳೆ ನೀರಿನಲ್ಲಿ ಒಂದೇ ಒಂದು ಮರಳಿನ ಕಾಳು ಇದ್ದರೂ ಸಾಕು, ಅದು ಎಳೆದ ಗೀರು ತೆಗೆಯಲು ಮತ್ತೆ 1500ಕ್ಕೆ ಹೋಗಬೇಕಾಗುತ್ತದೆ.

ಮಷಿನ್ ಹಿಡಿಯುವ ಮುಂಚೆ ಅಂಚುಗಳಿಗೆ, ಬಾಡಿಯ ಎದ್ದ ಗೆರೆಗಳಿಗೆ ಮಾಸ್ಕಿಂಗ್ ಟೇಪ್. ಅಲ್ಲಿ ಪೇಂಟ್ ತೆಳು, ರೋಟರಿ ಒಂದೇ ಕಡೆ ಒಂದು ಗಳಿಗೆ ನಿಂತರೆ ಕ್ಲಿಯರ್ ಸುಟ್ಟು ಹೋಗುತ್ತದೆ. ಎರಡಡಿ ಚೌಕ ಜಾಗ ಮಾತ್ರ ಒಂದು ಸಲಕ್ಕೆ, ನಿಮಿಷಕ್ಕೆ ಸುಮಾರು 1200 ಸುತ್ತಿನಲ್ಲಿ ನಿಧಾನವಾಗಿ, ಒಂದು ಓಟದ ಅರ್ಧದ ಮೇಲೆ ಇನ್ನೊಂದು ಓಟ. ನಡುವೆ ಕೈಯ ಹಿಂಬದಿ ಇಟ್ಟು ನೋಡುತ್ತೇನೆ, ಬಿಸಿ ತಾಳದಿದ್ದರೆ ಆ ಜಾಗ ಬಿಟ್ಟು ಬೇರೆ ಕಡೆ ಹೋಗುತ್ತೇನೆ. ಉಣ್ಣೆ ಪ್ಯಾಡನ್ನು ಆಗಾಗ ಬ್ರಷ್ಷಿನಿಂದ ಕೆದರಬೇಕು. ಒಣಗಿದ ಕಾಂಪೌಂಡ್ ಗಂಟು ಕಟ್ಟಿದರೆ ಅದೇ ಗೀರು ಹಾಕುತ್ತದೆ.

ಇದಾದ ಮೇಲೆ ಬಿಸಿಲಿನಲ್ಲಿ ಸುರುಳಿ ಸುರುಳಿಯಾಗಿ ಒಂದು ನೆರಳು ಕಾಣಬಹುದು. ಅದು ಪೇಪರಿನದ್ದಲ್ಲ, ರೋಟರಿಯದ್ದು. ಅದನ್ನು ಡಿಎ ಮಷಿನ್ (ಡ್ಯುಯಲ್ ಆಕ್ಷನ್, ತಿರುಗುತ್ತಲೇ ಅಲುಗಾಡುವ ಮಷಿನ್), ಮೆತ್ತನೆಯ ಫೋಮ್ ಪ್ಯಾಡ್ ಮತ್ತು ನಯವಾದ ಪಾಲಿಶಿನಿಂದ ತೆಗೆಯುತ್ತೇನೆ. ಪ್ಯಾಡ್ ಕೂರುವ ಪ್ಲೇಟಿನ ಅಂಚಿಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿದ್ದೇನೆ. ಗೆರೆ ತಿರುಗುತ್ತಿದ್ದರೆ ಕೆಲಸ ಆಗುತ್ತಿದೆ, ನಿಂತು ಬರೀ ನಡುಗುತ್ತಿದ್ದರೆ ನಾನು ಹೆಚ್ಚು ಒತ್ತಿದ್ದೇನೆ ಎಂದರ್ಥ.

ಪ್ರತಿ ಹಂತಕ್ಕೂ ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ ನೀರು ಬೆರೆಸಿ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡುತ್ತೇನೆ. ಎಣ್ಣೆ ಹೋದ ಮೇಲೆ ಕಾಣುವುದೇ ನಿಜವಾದ ಬಾನೆಟ್.

ದಪ್ಪ ಅಳೆಯುವ ಗೇಜ್ ಕೊಂಡದ್ದು ಆ ಬಳಿಕವೇ. ಕಂಪೆನಿ ಪೇಂಟ್ ಪದರಗಳೆಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್), ಅದರಲ್ಲಿ ಕ್ಲಿಯರ್ 40-50 ಅಷ್ಟೇ. ಗೇಜ್ ತೋರಿಸುವುದು ಒಟ್ಟು ದಪ್ಪ, ಕ್ಲಿಯರ್ ಎಷ್ಟು ಉಳಿದಿದೆ ಎಂದು ಅದು ಹೇಳುವುದಿಲ್ಲ. ಹಾಗಾಗಿ ಉಜ್ಜುವ ಮೊದಲೊಮ್ಮೆ, ನಂತರವೊಮ್ಮೆ ಅಳೆದು ಎಷ್ಟು ಹೋಯಿತೆಂದು ಬರೆದಿಡುತ್ತೇನೆ.

ಮಾಷ್ಟ್ರ ಕಾರಿನಲ್ಲಿ ಎರಡನೇ ಸಲವೂ ವೈಪರ್ ಹತ್ತಿರ ಎರಡು ಗೀರು ಉಳಿದವು. ಅಲ್ಲಿ ಇನ್ನು ತಿಕ್ಕಲು ನನಗೆ ಧೈರ್ಯ ಬರಲಿಲ್ಲ. ಈ ಸಲ ಒರೆಸಿ, ಬೆರಳಿಟ್ಟು ನಾನೇ ತೋರಿಸಿದೆ. ಬಗ್ಗಿ ನೋಡಿದರು. "ಇರಲಿ ಮಾರಾಯ, ಪೇಂಟ್ ಉಳೀತಲ್ಲ" ಎಂದು ಕೀ ತೆಗೆದುಕೊಂಡರು.