ಮೊದಲ ಸಾಲು, ಸರಿಯಾದ ಹೆಸರು

ಪಂದ್ಯಗಳ ಸುದ್ದಿ ಬರೆದು ಪತ್ರಿಕೆಗಳಿಗೆ ಕೊಡುವುದು ನನ್ನ ಕಸುಬು. ಪ್ರೆಸ್ ನೋಟಿನ ಮೊದಲ ಸಾಲು ಬರೆಯುವುದನ್ನು ನನಗೆ ಯಾವ ಕಾಲೇಜೂ ಕಲಿಸಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಮಾರುವ ಪತ್ತೇದಾರಿ ಪುಸ್ತಕಗಳು ಕಲಿಸಿದವು.

1982ರಲ್ಲಿ ಕಾರ್ಕಳದ ಹತ್ತಿರದ ಹಳ್ಳಿಯಿಂದ ಮುಂಬೈಯ ಮಾಟುಂಗಕ್ಕೆ ಬಂದಾಗ ನನಗೆ ಹದಿನೈದು ವರ್ಷ. ಹಗಲು ಸೋದರಮಾವನ ಹೋಟೆಲಿನಲ್ಲಿ ಕೆಲಸ, ಸಂಜೆ ಫೋರ್ಟಿನ ಕನ್ನಡ ರಾತ್ರಿಶಾಲೆ. ಶಟರ್ ಎಳೆದ ಮೇಲೆ ಅಟ್ಟದಲ್ಲಿ ಎಂಟು ಜನ ಸಾಲಾಗಿ ಮಲಗುತ್ತಿದ್ದೆವು. ಇದ್ದದ್ದು ಒಂದೇ ಬಲ್ಬು, ಒಂದೇ ಪುಸ್ತಕ. ಒಬ್ಬ ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ಊರಿಗೆ ಹೋಗಿ ಬಂದವರ ಚೀಲದಲ್ಲಿ ಹಪ್ಪಳ, ಉಪ್ಪಿನಕಾಯಿಯ ಜೊತೆ ಎನ್. ನರಸಿಂಹಯ್ಯನವರ ಎರಡು ಪುಸ್ತಕಗಳಾದರೂ ಇರುತ್ತಿದ್ದವು. ಪತ್ತೇದಾರ ಪುರುಷೋತ್ತಮ ನಮ್ಮ ಅಟ್ಟದ ಒಂಬತ್ತನೆಯವನಾಗಿದ್ದ.

ನರಸಿಂಹಯ್ಯನವರು ಶಾಲೆಯಲ್ಲಿ ಓದಿದ್ದು ನಾಲ್ಕನೇ ತರಗತಿಯವರೆಗೆ. ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಸಾಹಿತ್ಯದ ದೊಡ್ಡ ಸಭೆಗಳಲ್ಲಿ ಅವರ ಹೆಸರು ಜಾಸ್ತಿ ಕೇಳಿಬರಲಿಲ್ಲ. ಆದರೆ ತಟ್ಟೆ ತೊಳೆಯುವ ಹುಡುಗರ ಕೈಗೆ ಕನ್ನಡ ಪುಸ್ತಕ ಕೊಟ್ಟವರು ಅವರೇ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದ ನಮ್ಮ ದೋಸೆ ಭಟ್ಟರು, ಕೊಲೆಗಾರ ಯಾರೆಂದು ತಿಳಿಯುವ ಆಸೆಗೇ ಎರಡು ತಿಂಗಳಲ್ಲಿ ಸರಾಗವಾಗಿ ಓದಲು ಕಲಿತರು.

ರಾತ್ರಿಶಾಲೆಗೆ ಹೋಗುವವನು ಅಂತ ಓದುವ ಕೆಲಸ ಹೆಚ್ಚಾಗಿ ನನ್ನದೇ. ಹದಿನಾರು ಗಂಟೆ ನಿಂತು ದಣಿದವರಿಗೆ ಓದಿ ಹೇಳುವಾಗ ಒಂದು ವಿಷಯ ಚೆನ್ನಾಗಿ ತಿಳಿಯುತ್ತದೆ, ಅವರು ಎಲ್ಲಿ ನಿದ್ದೆ ಹೋಗುತ್ತಾರೆ ಅಂತ. ಬೆಟ್ಟದ ವರ್ಣನೆ ಬಂದರೆ ಇಬ್ಬರು ಗೊರಕೆ. ಯಾರೋ ಶ್ರೀಮಂತರ ಮನೆತನದ ಪರಿಚಯ ಶುರುವಾದರೆ ಇನ್ನಿಬ್ಬರು. ಬಾಗಿಲು ಬಡಿದ ಸದ್ದು ಬಂತೋ, ಎಲ್ಲರೂ ಎದ್ದು ಕೂರುತ್ತಿದ್ದರು.

ಮಾವ ಹೋಟೆಲ್ ಕೆಲಸಗಾರರ ಕಬಡ್ಡಿ ಪಂದ್ಯಾಟ ನಡೆಸುವವರಲ್ಲಿ ಒಬ್ಬರು. "ನಿನ್ನ ಅಕ್ಷರ ಒಳ್ಳೆದುಂಟಲ್ಲ, ರಿಸಲ್ಟ್ ಬರೆದು ಪೇಪರಿನವರಿಗೆ ಕೊಟ್ಟು ಬಾ" ಅಂದರು. ಹಾಗೆ ಶುರುವಾಯಿತು ನನ್ನ ಈ ಕಸುಬು. ಮೊದಲ ಸಲ ಎರಡು ಪುಟ ಬರೆದಿದ್ದೆ. ಯಾರು ದೀಪ ಬೆಳಗಿದರು, ಯಾರು ಸ್ವಾಗತಿಸಿದರು, ಯಾರು ವಂದಿಸಿದರು, ಎಲ್ಲ ಇತ್ತು. ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿದ್ದ ಹಿರಿಯರು ಕೆಂಪು ಪೆನ್ನಿನಿಂದ ಮೇಲಿನ ಅರ್ಧ ಹೊಡೆದು ಹಾಕಿದರು. "ಗೆದ್ದದ್ದು ಯಾರು? ಹೇಗೆ ಗೆದ್ದರು? ಅದು ಮೊದಲು ಬೇಕಲ್ವಾ ಮಾರಾಯ?" ಅಂದರು. ವಾಪಸ್ ಬರುವಾಗ ಟ್ರೇನಿನಲ್ಲಿ ಹೊಳೆಯಿತು, ಬಾಗಿಲು ಬಡಿದ ಸದ್ದು ನನ್ನ ಬರಹದ ಕೊನೆಯಲ್ಲಿತ್ತು. ಮರುವಾರ ಕೊನೆಯ ರೇಡ್‌ನಿಂದಲೇ ಬರೆದೆ. ಎರಡು ಅಂಕ ಹಿಂದೆ, ಎದುರಿಗೆ ಮೂವರು ಹಿಡಿತಗಾರರು, ಅರ್ಧ ನಿಮಿಷ ಉಳಿದಿದೆ. ಎಂಟು ಸಾಲು ಬರೆದಿದ್ದೆ, ಎಂಟೂ ಅಚ್ಚಾದವು.

ಮೊದಲ ಸಾಲಿಗೆ ಯಾವ ಗಳಿಗೆಯನ್ನು ಆರಿಸಬೇಕು? ಅದನ್ನು ಮಾವ ಗೊತ್ತಿಲ್ಲದೇ ಕಲಿಸಿದರು. 1980ರ ಫೆಬ್ರುವರಿಯಲ್ಲಿ ವಾಂಖೆಡೆಯಲ್ಲಿ ನಡೆದ, ಭಾರತದ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವ ಟೆಸ್ಟ್ ಅವರು ನೋಡಿದ್ದರು. ನಮ್ಮ ಜಿ. ಆರ್. ವಿಶ್ವನಾಥ್ ನಾಯಕ. ಇಂಗ್ಲೆಂಡ್ 58ಕ್ಕೆ 5 ಆಗಿತ್ತು. ಆಮೇಲೆ ಬಾಬ್ ಟೇಲರ್‌ಗೆ ಅಂಪೈರ್ ಕ್ಯಾಚ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲ ಅನ್ನಿಸಿದ್ದರಿಂದ ವಿಶ್ವನಾಥ್ ಟೇಲರ್‌ರನ್ನು ವಾಪಸ್ ಕರೆದರು. ಟೇಲರ್ ಮತ್ತು ಬೋಥಮ್ 171 ರನ್ ಕೂಡಿಸಿದರು. ಬೋಥಮ್ ಶತಕವನ್ನೂ ಹೊಡೆದರು, 13 ವಿಕೆಟನ್ನೂ ಕಿತ್ತರು. ಭಾರತ 10 ವಿಕೆಟ್‌ಗಳಿಂದ ಸೋತಿತು. ಖಗ್ರಾಸ ಸೂರ್ಯಗ್ರಹಣ ಅಂತ ಆ ಟೆಸ್ಟಿನ ಎರಡನೇ ದಿನವೇ ವಿಶ್ರಾಂತಿ ಕೊಟ್ಟಿದ್ದರು. ಊರಿನಲ್ಲಿ ಅಜ್ಜಿ ನಮ್ಮನ್ನೆಲ್ಲ ಒಳಗೆ ಕೂಡಿಹಾಕಿದ್ದ ಗ್ರಹಣ ಅದೇ.

ಮಾವ ಈ ಕತೆಯನ್ನು ಗಿರಾಕಿಗಳಿಗೆ ನೂರು ಸಲವಾದರೂ ಹೇಳಿರಬೇಕು. ಪ್ರತಿ ಸಲವೂ ಶುರು ಒಂದೇ: "ವಿಶ್ವನಾಥ್ ಅವನನ್ನು ಕರೆದ್ರು ಮಾರ್ರೆ, ಬಾ ಅಂತ ಕರೆದ್ರು!" ಬೋಥಮ್ ಆಮೇಲೆ ಬರುತ್ತಿದ್ದ. ಸೋಲು ಅದರ ನಂತರ. ಆದರೆ ಸೋಲನ್ನು ಅವರು ಒಮ್ಮೆಯೂ ಬಿಡಲಿಲ್ಲ, ಸಣ್ಣದಾಗಿಯೂ ಹೇಳಲಿಲ್ಲ. ಆ ಕ್ರಮವನ್ನೇ ನಾನು ಹಿಡಿದುಕೊಂಡೆ. ಮೊದಲ ಸಾಲಿನಲ್ಲಿ ಜನ ಹತ್ತು ವರ್ಷ ಬಿಟ್ಟೂ ನೆನೆಯುವ ಗಳಿಗೆ, ಎರಡನೇ ಸಾಲಿನಲ್ಲಿ ಫಲಿತಾಂಶ ಇದ್ದ ಹಾಗೆ. ನಮ್ಮ ತಂಡ ಸೋತಿದ್ದರೆ "ವೀರೋಚಿತ ಹೋರಾಟ" ಅಂತ ಬರೆದು ಸೋಲನ್ನು ನಾಲ್ಕನೇ ಪ್ಯಾರಾದಲ್ಲಿ ಹುಗಿಯುವ ಅಭ್ಯಾಸ ನಮ್ಮ ಕಸುಬಿನಲ್ಲಿ ತುಂಬಾ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ಸೋಲನ್ನು ನೇರವಾಗಿ ಬರೆದುಕೊಟ್ಟರೆ, ನೀವು ಗೆದ್ದೆವು ಅಂದಾಗ ಡೆಸ್ಕಿನವರು ನಂಬುತ್ತಾರೆ.

ಹೋಟೆಲ್ ಬಿಟ್ಟು ಇದೇ ಕೆಲಸಕ್ಕೆ ಪೂರ್ತಿ ನಿಂತದ್ದು 1991ರಲ್ಲಿ. ಮಳೆಗಾಲದಲ್ಲಿ ಕಾಂಗಾ ಲೀಗ್ ಆಡುವ ಒಂದು ಕ್ರಿಕೆಟ್ ಕ್ಲಬ್ಬಿನ ಪ್ರಚಾರ ನೋಡಿಕೊಳ್ಳುತ್ತಿದ್ದೆ. 1948ರಿಂದ ನಡೆದುಬಂದಿರುವ ಲೀಗ್ ಇದು. ಬೇರೆ ಊರಿನವರು ಮಳೆ ಬಂತೆಂದು ಬ್ಯಾಟು ಒಳಗಿಟ್ಟರೆ ಮುಂಬೈಯವರು ಹೊರಗೆ ತೆಗೆಯುತ್ತಾರೆ. ಒದ್ದೆ ಪಿಚ್, ಮೊಣಕಾಲಿನವರೆಗೆ ಬೆಳೆದ ಹುಲ್ಲು. ಆಜಾದ್ ಮೈದಾನದಲ್ಲಿ ಒಂದಕ್ಕೊಂದು ಅಂಟಿಕೊಂಡು ಎಷ್ಟೋ ಪಂದ್ಯ ನಡೆಯುತ್ತವೆ. ಒಂದು ಪಂದ್ಯದ ಫೀಲ್ಡರ್ ಇನ್ನೊಂದು ಪಂದ್ಯದ ಅಂಪೈರಿನ ಪಕ್ಕದಲ್ಲೇ ನಿಂತಿರುತ್ತಾನೆ. ಡೇರೆಯಿಂದ ಡೇರೆಗೆ ಓಡಿ ಸ್ಕೋರ್ ಬುಕ್ ನೋಡಿ ಬರೆದುಕೊಳ್ಳಬೇಕು. ಬಾಲ್ ಪೆನ್ನಿನ ಶಾಯಿ ಒದ್ದೆ ಕಾಗದದಲ್ಲಿ ಹಿಡಿಯುವುದಿಲ್ಲ, ಹಾಗಾಗಿ ಪೆನ್ಸಿಲ್. ಈಗಲೂ ನನ್ನ ಜೇಬಿನಲ್ಲಿ ಪೆನ್ಸಿಲ್ಲೇ ಇರುತ್ತದೆ. ಸ್ಕೋರರ್‌ಗಳ ಪಕ್ಕ ಕೂತು ಚಹಾ ಕುಡಿದಷ್ಟೂ ಸುದ್ದಿ ಸಿಗುತ್ತದೆ. ಯಾರ ಬೆರಳು ಊದಿತ್ತು, ಯಾರು ರಾತ್ರಿ ಪಾಳಿ ಮುಗಿಸಿ ನೇರವಾಗಿ ಮೈದಾನಕ್ಕೆ ಬಂದರು, ಇವೆಲ್ಲ ಸ್ಕೋರ್ ಬುಕ್ಕಿನಲ್ಲಿ ಇರುವುದಿಲ್ಲ ಅಲ್ವಾ?

ಆಗೆಲ್ಲ ಫ್ಲೋರಾ ಫೌಂಟನ್ ಫುಟ್‌ಪಾತಿನ ಹಳೆ ಪುಸ್ತಕದ ರಾಶಿಗಳೇ ನನ್ನ ಲೈಬ್ರರಿ. ಜೇಮ್ಸ್ ಹ್ಯಾಡ್ಲಿ ಚೇಸ್ ಹಿಡಿದುಕೊಂಡು ಇಂಗ್ಲಿಷ್ ಕಲಿತೆ. ಪ್ರೆಸ್ ಬಾಕ್ಸಿನ ಮರಾಠಿ ಗೆಳೆಯರು ಬಾಬುರಾವ್ ಅರ್ನಾಳ್ಕರರ ಕತೆ ಹೇಳುತ್ತಿದ್ದರು, ಸಾವಿರಕ್ಕೂ ಹೆಚ್ಚು ರಹಸ್ಯಕತೆ ಬರೆದವರು ಅವರು. ನಾನು ನರಸಿಂಹಯ್ಯನವರ ಬಗ್ಗೆ ಹೇಳುತ್ತಿದ್ದೆ. ಚೇಸ್ ಪುಸ್ತಕ ಮಾರುವ ಕೆಲಸದಲ್ಲಿದ್ದ ಇಂಗ್ಲಿಷಿನವನು. ಅಮೆರಿಕದಲ್ಲಿ ಎಂದೂ ನೆಲೆಸದೆ, ನಕ್ಷೆಗಳನ್ನೂ ಅಲ್ಲಿನ ಬೀದಿಮಾತಿನ ನಿಘಂಟನ್ನೂ ಇಟ್ಟುಕೊಂಡು ಅಮೆರಿಕದ ಗ್ಯಾಂಗ್‌ಸ್ಟರ್‌ಗಳ ಕತೆ ಬರೆದ. ನನಗೆ ಅದು ಬಹಳ ದೊಡ್ಡದಾಗಿ ಕಂಡಿತ್ತು. ಕೂತಲ್ಲಿಂದಲೇ ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಬರೆಯಬಹುದು ಅಂತ ನಂಬಿಬಿಟ್ಟೆ.

ಅದರ ಪೆಟ್ಟು ಬಿದ್ದದ್ದು 1996ರಲ್ಲಿ. ಒಂದೇ ದಿನ ಎರಡು ಪಂದ್ಯ. ಕಬಡ್ಡಿ ಫೈನಲ್ಲಿಗೆ ನಾನು ಹೋಗಲಿಲ್ಲ. ಫೋನಿನಲ್ಲಿ ಅಂಕ ಕೇಳಿಕೊಂಡು, ನೋಡಿದವನ ಹಾಗೆಯೇ ಬರೆದು ಫ್ಯಾಕ್ಸ್ ಮಾಡಿದೆ. ಆ ತಂಡದಲ್ಲಿ ನಾಲ್ಕು ಜನ ಶೆಟ್ಟರು. ಇಬ್ಬರ ಹೆಸರು ಬೇರೆ ಹೆಚ್ಚುಕಮ್ಮಿ ಒಂದೇ. ಕೊನೆಯ ರೇಡ್‌ನಲ್ಲಿ ಪಂದ್ಯ ಗೆಲ್ಲಿಸಿದವನ ಬದಲು ಮೂಲೆಯಲ್ಲಿ ನಿಂತಿದ್ದವನ ಹೆಸರು ಹಾಕಿದೆ. ಮೂರು ಪತ್ರಿಕೆಯಲ್ಲಿ ಬಂತು.

ಎರಡು ದಿನ ಬಿಟ್ಟು ಆ ಹುಡುಗ ನನ್ನನ್ನು ಹುಡುಕಿಕೊಂಡು ಬಂದ. ಘಾಟ್ಕೋಪರಿನ ಒಂದು ಹೋಟೆಲಿನಲ್ಲಿ ವೇಟರ್. ಜಗಳಕ್ಕೆ ಬಂದಿರಲಿಲ್ಲ. "ಅಣ್ಣ, ಅಮ್ಮನಿಗೆ ಪೇಪರ್ ನೋಡಿ ಅಂತ ಫೋನ್ ಮಾಡಿ ಹೇಳಿದ್ದೆ. ಅವರು ಪಕ್ಕದ ಮನೆಯವರ ಹತ್ತಿರ ಓದಿಸಿದ್ದಾರೆ. ನೀನು ಆಡಿದ್ದು ಹೌದಾ ಅಂತ ಕೇಳ್ತಾರೆ" ಅಂದ. ನನಗೆ ಮಾತೇ ಹೊರಡಲಿಲ್ಲ. ತಿದ್ದುಪಡಿ ಹಾಕಿಸಿದೆ, ಒಳಪುಟದ ಮೂಲೆಯಲ್ಲಿ ಎರಡು ಸಾಲು ಬಂತು. ಅವನ ತಾಯಿಗೆ ನಾನೇ ಪತ್ರ ಬರೆದೆ. ಆ ರೇಡ್ ಹೇಗೆ ನಡೆಯಿತೆಂದು ಆಡಿದ ಏಳು ಜನರನ್ನೂ ಕೇಳಿ, ಒಂದು ಪುಟ ತುಂಬಾ ಬರೆದೆ. ಪತ್ರಿಕೆಗೆ ಅಷ್ಟು ಚೆನ್ನಾಗಿ ನಾನು ಯಾವತ್ತೂ ಬರೆದಿರಲಿಲ್ಲ.

ಚೇಸ್ ಮಾಡಿದ್ದು ಕಾದಂಬರಿಗೆ ಸರಿ. ಅಲ್ಲಿ ಸತ್ತವನಿಗೂ ಕೊಂದವನಿಗೂ ಊರಿನಲ್ಲಿ ಅಮ್ಮ ಇರುವುದಿಲ್ಲ. ಅಂದಿನಿಂದ ನಾನು ಕಣ್ಣಿನಿಂದ ನೋಡದ ಪಂದ್ಯಕ್ಕೆ ಬರೀ ಅಂಕ ಮತ್ತು ಹೆಸರು ಕೊಡುತ್ತೇನೆ, ವರ್ಣನೆ ಇಲ್ಲ. ಹೆಸರನ್ನು ಆಟಗಾರನ ಬಾಯಿಂದಲೇ ಕೇಳಿ, ಬರೆದು, ಅವನಿಗೇ ತೋರಿಸುತ್ತೇನೆ. ಮನೆಯ ಹೆಸರು, ಊರು ಎರಡೂ ಬೇಕು. ಅವಸರ ಮಾಡುವವರು ಬೈಯುತ್ತಾರೆ. ಬೈಯಲಿ.

ಸಿನಿಮಾ ಬೇರೆಯದೇ ಕಲಿಸಿತು. ಮಾಟುಂಗದ ಅರೋರಾ ಟಾಕೀಸಿನಲ್ಲಿ ದಕ್ಷಿಣದ ಸಿನಿಮಾ ಬಂದರೆ ನಾವು ಹುಡುಗರು ಪಾಳಿ ಬದಲಾಯಿಸಿಕೊಂಡು ಓಡುತ್ತಿದ್ದೆವು. ರಾಜಕುಮಾರ್ 1968ರಲ್ಲೇ ಸಿಐಡಿ 999 ಆಗಿ ಬಂದಿದ್ದರಲ್ಲ, ಆ ಸಾಲಿನ ಸಿನಿಮಾಗಳ ಕತೆಯನ್ನು ಅಟ್ಟದಲ್ಲಿ ಹಿರಿಯರು ಅಭಿನಯಿಸಿಯೇ ತೋರಿಸುತ್ತಿದ್ದರು. ಆದರೆ ನನ್ನ ಕೆಲಸವನ್ನು ಬದಲಿಸಿದ್ದು ಕಪ್ಪುಬಿಳುಪಿನ 'ಕಾಗಜ್ ಕೆ ಫೂಲ್'. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ, 1959ರದ್ದು. ಖಾಲಿ ಸ್ಟುಡಿಯೋದಲ್ಲಿ ಮೇಲಿನಿಂದ ಒಂದು ಬೆಳಕಿನ ಕೋಲು ಇಳಿಯುತ್ತದೆ, ಅದರ ಎರಡು ಬದಿಯಲ್ಲಿ ಇಬ್ಬರು ನಿಂತಿರುತ್ತಾರೆ. ಆ ಬೆಳಕನ್ನು ಕಟ್ಟಿದ್ದು ನಮ್ಮ ಮೈಸೂರಿನ ವಿ. ಕೆ. ಮೂರ್ತಿ. ದೊಡ್ಡ ಲೈಟುಗಳಿಂದಲ್ಲ, ಕನ್ನಡಿ ಹಿಡಿದು ಹೊರಗಿನ ಬಿಸಿಲನ್ನು ಒಳಗೆ ತಂದು. ಛಾಯಾಗ್ರಾಹಕರಲ್ಲಿ ಫಾಲ್ಕೆ ಪ್ರಶಸ್ತಿ ಮೊದಲು ಸಿಕ್ಕಿದ್ದು ಅವರಿಗೇ.

ಅದನ್ನು ನೋಡಿದ ಮರುದಿನ ನನ್ನ ಫೋಟೋ ಫೈಲ್ ತೆಗೆದೆ. ಎಲ್ಲದರಲ್ಲೂ ಒಂದೇ ಚಿತ್ರ. ಟ್ಯೂಬ್‌ಲೈಟಿನ ಕೆಳಗೆ ಸಮಿತಿಯ ಹದಿನೈದು ಜನ, ನಡುವೆ ಕಪ್, ಗೆದ್ದ ಹುಡುಗನ ಅರ್ಧ ಮುಖ ಯಾರದೋ ಭುಜದ ಹಿಂದೆ. ಬೆಳಕು ಯಾರ ಮೇಲೆ ಬೀಳಬೇಕೋ ಅವನೇ ಕತ್ತಲಲ್ಲಿ. ಆಮೇಲಿಂದ ಎರಡು ಫೋಟೋ ತೆಗೆಸುವುದನ್ನು ಶುರುಮಾಡಿದೆ. ಒಂದು ಸಮಿತಿಗೆ. ಇನ್ನೊಂದು ಆಟಗಾರನದ್ದು ಮಾತ್ರ, ಕಿಟಕಿಯ ಪಕ್ಕದಲ್ಲೋ, ಸಂಜೆ ಐದರ ಬಿಸಿಲಿಗೆ ಬದಿಯಾಗಿ ನಿಲ್ಲಿಸಿಯೋ. ಬದಿಯಿಂದ ಬೆಳಕು ಬಿದ್ದರೆ ಮುಖದ ಮಣ್ಣು, ಬೆವರು, ಗಾಯ ಎಲ್ಲ ಕಾಣುತ್ತದೆ. ಪತ್ರಿಕೆಗಳು ಎರಡನೆಯದನ್ನೇ ಹಾಕುತ್ತಿದ್ದವು. ಸಮಿತಿಯವರ ಮುನಿಸನ್ನು ಆ ಪತ್ರಿಕೆಗಳ ಕಟಿಂಗ್ ತೋರಿಸಿ ತಣಿಸುತ್ತಿದ್ದೆ.

ಒಂದು ಕಂಪನಿ ಪ್ರಾಯೋಜಕತ್ವ ಕೊಟ್ಟಾಗ, ಮೊದಲ ಪ್ಯಾರಾದಲ್ಲೇ ಮೂರು ಸಲ ತಮ್ಮ ಹೆಸರು ಬರಬೇಕೆಂದು ಹಟ ಹಿಡಿದರು. ಹಾಗೇ ಕಳಿಸಿದೆ. ಯಾರೂ ಹಾಕಲಿಲ್ಲ. ಮುಂದಿನ ಸುತ್ತಿನಲ್ಲಿ ನನ್ನ ಕ್ರಮದಲ್ಲಿ ಬರೆದು, ಕೊನೆಯಲ್ಲಿ ಒಂದೇ ಸಲ ಅವರ ಹೆಸರು ಹಾಕಿದೆ. ಎಲ್ಲರೂ ಹಾಕಿದರು.

2014ರ ಜುಲೈ 26ರಂದು ವರ್ಲಿಯ ಒಳಾಂಗಣದಲ್ಲಿ ಪ್ರೊ ಕಬಡ್ಡಿ ಶುರುವಾದಾಗ ನಾನು ಸುಮ್ನೆ ಪ್ರೇಕ್ಷಕನಾಗಿ ಹೋಗಿದ್ದೆ. ಮುಂಬೈ ತಂಡಕ್ಕೆ ಜೈಪುರ ಎದುರಾಳಿ. ಸುತ್ತ ಕತ್ತಲು, ಮ್ಯಾಟಿನ ಮೇಲೆ ಮಾತ್ರ ಬೆಳಕು, ರೇಡರ್ ಗೆರೆ ದಾಟುವಾಗ ಇಡೀ ಒಳಾಂಗಣದ ಕಣ್ಣು ಅವನೊಬ್ಬನ ಮೇಲೆ. ಲಾಲ್‌ಬಾಗ್, ಪರೇಲಿನ ಗಲ್ಲಿಗಳಲ್ಲಿ, ಮಣ್ಣಿನ ಅಂಗಳದಲ್ಲಿ ನಾನು ನೋಡಿದ ಆಟವೇ ಅದು. ಆಟ ಬದಲಾಗಿರಲಿಲ್ಲ, ಬೆಳಕು ಬಂದಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಡತಿ "ಯಾಕೆ, ಕಣ್ಣಿಗೆ ಏನಾಯ್ತು?" ಅಂತ ಕೇಳಿದಳು. ಘಾಟ್ಕೋಪರಿನ ಆ ಹುಡುಗನ ನೆನಪಾಯಿತು ಅಂದೆ.

ಅವನು ಈಗ ಠಾಣೆಯಲ್ಲಿ ಸ್ವಂತ ಹೋಟೆಲ್ ಇಟ್ಟಿದ್ದಾನೆ. ಪ್ರತಿ ವರ್ಷ ಕೆಲಸಗಾರರ ಪಂದ್ಯಾಟಕ್ಕೆ ತಂಡ ಕಳಿಸುತ್ತಾನೆ. ಈ ವರ್ಷದ ಪಟ್ಟಿ ನಿನ್ನೆ ರಾತ್ರಿ ವಾಟ್ಸಾಪಿನಲ್ಲಿ ಬಂತು. ಹನ್ನೆರಡು ಹೆಸರು, ಅದರಲ್ಲಿ ಐದು ಶೆಟ್ಟಿ, ಮೂರು ಪೂಜಾರಿ. ಪ್ರತಿ ಹೆಸರಿನ ಎದುರು ಮನೆಯ ಹೆಸರು, ಊರು, ತಾಯಿಯ ಫೋನ್ ನಂಬರ್ ಎಲ್ಲ ಅವನೇ ತುಂಬಿ ಕಳಿಸಿದ್ದಾನೆ. ಒಬ್ಬನ ಊರು ಮಾತ್ರ ಬಿಟ್ಟುಹೋಗಿದೆ. ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದ ಮೇಲೆ, ಮೂರು ಗಂಟೆಗೆ ಆ ಹುಡುಗನಿಗೆ ಫೋನ್ ಮಾಡಬೇಕು.