ಉಪ್ಪುನೀರಿನ ಅಕ್ವೇರಿಯಂನಲ್ಲಿ ಬಿಡದೆ ಕಾಡುವ ಪಾಚಿ

ಕಲಬುರಗಿಯಲ್ಲಿ ಉಪ್ಪುನೀರಿನ ಮೀನು ಸಾಕುವವರು ಮೊದಲು ಅನುಮಾನಿಸಬೇಕಾದದ್ದು ನೀರನ್ನು. ಮೇ ತಿಂಗಳ ಬಿಸಿಲಿಗೆ ತೊಟ್ಟಿಯ ನೀರು ದಿನವೂ ಆರುತ್ತದೆ, ಉಪ್ಪು ಉಳಿಯುತ್ತದೆ. ಆದ್ದರಿಂದ ಆರಿದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು; ಬೋರ್‌ವೆಲ್ ನೀರು ಮಾತ್ರ ಖಂಡಿತ ಬೇಡ. ಅದರಲ್ಲಿರುವ ನೈಟ್ರೇಟ್, ಸಿಲಿಕೇಟ್‌ಗಳೇ ಪಾಚಿಯ ಆಹಾರ. ಅಡುಗೆಮನೆಯ ಆರ್‌ಒ ಯಂತ್ರವೊಂದೇ ಸಾಲದು. ರುಚಿಗಾಗಿ ಲವಣವನ್ನು ಮರಳಿ ಬೆರೆಸುವ ಯಂತ್ರಗಳೇ ಹೆಚ್ಚು. ನಾನು ಆರ್‌ಒ ನೀರನ್ನು, ಉಳಿದ ಲವಣವನ್ನೂ ಹೀರಿಕೊಳ್ಳುವ ಡಿಐ ರೆಸಿನ್ ಹರಳುಗಳ ಮೂಲಕ ಹಾಯಿಸಿ, ಕರಗಿದ ಲವಣವನ್ನು ಅಳೆಯುವ ಟಿಡಿಎಸ್ ಮೀಟರ್ 0 ತೋರಿಸಿದ ಮೇಲೆಯೇ ಬಳಸುತ್ತೇನೆ.

ಕಲ್ಲಿಗೆ ಕಚ್ಚಿಕೊಂಡ ಹಸಿರು ಎಳೆಗಳಿದ್ದರೆ ಅದು ಕೂದಲು ಪಾಚಿ. ತೊಟ್ಟಿಯೊಳಗೇ ಉಜ್ಜಬೇಡಿ, ತುಣುಕುಗಳು ಚೆದುರಿ ಎಲ್ಲೆಡೆ ಚಿಗುರುತ್ತವೆ. ಕಲ್ಲನ್ನು ಹೊರತೆಗೆದು, ತೊಟ್ಟಿಯದೇ ನೀರು ತುಂಬಿದ ಬಕೆಟ್‌ನಲ್ಲಿ ಅದ್ದಿ, ಹಲ್ಲುಜ್ಜುವ ಬ್ರಷ್‌ನಿಂದ ಬುಡದವರೆಗೆ ತಿಕ್ಕಿ. ಬೆರಳಿಗೆ ಕಲ್ಲಿನ ಒರಟು ಸಿಗುವವರೆಗೆ ಬಿಡಬೇಡಿ. ಆ ನೀರನ್ನು ಚೆಲ್ಲಿಬಿಡಿ. ಉಳಿದದ್ದನ್ನು ಟರ್ಬೊ ಬಸವನಹುಳುಗಳು ಮೇಯುತ್ತವೆ.

ಮರಳಿನ ಮೇಲೆ ಗುಳ್ಳೆ ಹೊತ್ತ ಕೆಂಗಂದು ಲೋಳೆ ಹಾಸಿಕೊಂಡಿದ್ದರೆ ಅದು ಪಾಚಿಯಂತೆ ಕಾಣುವ ಬ್ಯಾಕ್ಟೀರಿಯಾ, ಸಯನೋಬ್ಯಾಕ್ಟೀರಿಯಾ. ಪೈಪಿನಿಂದ ಹೀರಿ ತೆಗೆದು, ಅಲ್ಲಿ ನೀರಿನ ಹರಿವು ಹೆಚ್ಚಿಸಿ.

ದೀಪ ದಿನಕ್ಕೆ 8 ಗಂಟೆ ಸಾಕು. ಹೆಪ್ಪುಗಟ್ಟಿದ ಸಿಗಡಿಯನ್ನು ಕರಗಿಸಿ, ಸೋಸಿ, ನೀರು ಬಸಿದು ಹಾಕಿ. ಔಷಧಿಯ ಬಾಟಲಿಗೆ ಕೈಹಾಕುವ ಆತುರ ನನಗೆ ಸರಿಕಾಣದು: ಸತ್ತ ಪಾಚಿ ಅಲ್ಲೇ ಕೊಳೆತು, ಮುಂದಿನ ಪಾಚಿಗೆ ಗೊಬ್ಬರವಾಗುತ್ತದೆ. ಹಾಗೆಂದು ಪಾಚಿಯ ಇನ್ನೊಂದು ಆಹಾರವಾದ ಫಾಸ್ಫೇಟನ್ನು ಸೊನ್ನೆಗೆ ಇಳಿಸಲೂಬೇಡಿ. ಹವಳಕ್ಕೂ ಅದು ಬೇಕು, ಲೀಟರಿಗೆ 0.03ರಿಂದ 0.1 ಮಿಲಿಗ್ರಾಂ ಇರಲಿ.